ಮದುವೆ ಫೋಟೋದ ಹಿಂದೆ ಒಡೆದ ಹಡಗು

ನನ್ನ ಅಪ್ಪ ಅವ್ವನ ಮದುವೆ ಫೋಟೋದಲ್ಲಿ ಅವರಿಬ್ಬರ ಹಿಂದೆ ಒಂದು ಹಡಗು ಒಡೆಯುತ್ತಿದೆ. ಹಾವೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಗಡಿಯಾರದ ಕೆಳಗೆ, ಆ ಫೋಟೋ ನಾನು ಹುಟ್ಟುವ ಮೊದಲಿನಿಂದ ತೂಗುತ್ತಿದೆ. ಅದರ ಕೆಳಗೆ ಕೂತು ಮಗ್ಗಿ ಬಾಯಿಪಾಠ ಮಾಡಿದ್ದೇನೆ, ಜ್ವರ ಬಂದಾಗ ಮಲಗಿದ್ದೇನೆ, ಮುಂದೆ ಅಪ್ಪ ಸತ್ತ ದಿನ ಗೋಡೆಗೆ ಒರಗಿ ನಿಂತಿದ್ದೂ ಅದರ ಕೆಳಗೇ. ಹಡಗನ್ನು ಮಾತ್ರ ನೋಡಿರಲಿಲ್ಲ.

ಹಾಗೆಂದು ಬರೆದೆ, ಪೂರ್ತಿ ನಿಜವಲ್ಲ. ನೋಡಿದ್ದೆ, ಬೇರೆ ಏನೋ ಅಂದುಕೊಂಡು ನೋಡಿದ್ದೆ. ಅವ್ವನ ತಲೆಯ ಎಡಕ್ಕೆ ವಾಲಿದ ಒಂದು ಕರೆಂಟ್ ಕಂಬವಿತ್ತು. ಯಾರೋ ಅದರ ಮೇಲೆ ಧೋತರ ಒಣಹಾಕಿದ್ದರು. ಅಪ್ಪನ ಹಿಂದೆ ಗುಡ್ಡ, ಗುಡ್ಡದ ಮೇಲೊಂದು ಗುಡಿ, ಬುಡದಲ್ಲೊಂದು ಮಾವಿನ ಗಿಡ. ಅಪ್ಪನ ಹೆಗಲಿನಿಂದ ತೆಳ್ಳನೆಯ ಗೆರೆಯೊಂದು ಹೊರಟು, ಫೋಟೋದ ಸುತ್ತ ಹಾಕಿದ್ದ ಬಿಳಿ ರಟ್ಟಿನೊಳಗೆ ಹೋಗಿ ಮುಗಿಯುತ್ತಿತ್ತು. ಅದನ್ನು ಗೀರು ಅಂದುಕೊಂಡಿದ್ದೆ. ನಮ್ಮ ಅಪ್ಪ ಅವ್ವ ಯಾವುದೋ ಗುಡ್ಡದ ಊರಿನಲ್ಲಿ, ಜೋರು ಗಾಳಿಯ ದಿನ ಮದುವೆಯಾದರೆಂದು ಶಾಲೆಯಲ್ಲಿ ಹೇಳಿಕೊಂಡು ತಿರುಗಿದ್ದೂ ಉಂಟು. ಗಾಳಿಯ ಸಂಗತಿ ಆಗಲೇ ಹೇಗೆ ಹೊಳೆದಿತ್ತೋ! ಬಹುಶಃ ಹೊಳೆದಿರಲಿಲ್ಲ, ಈಗ ಬರೆಯುವಾಗ ಸೇರಿಸುತ್ತಿದ್ದೇನೆ.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ಬಚ್ಚಲುಮನೆಗೆ ಟೈಲ್ಸ್ ಹುಡುಕುತ್ತಿದ್ದೆ. ಕಲೆಯ ಬಗ್ಗೆ ಏನೋ ಓದುತ್ತಿದ್ದೆ ಎಂದು ಬರೆಯಲು ಆಸೆ; ಆದರೆ ಟೈಲ್ಸೇ. ಅಲೆಗಳ ಚಿತ್ರವಿರುವ ಟೈಲ್ಸ್ ಕೇಳಿದೆ. ಎಲ್ಲಿಂದ ಎಲ್ಲಿಗೋ ದಾರಿ ತಪ್ಪಿ ಯಾವುದೋ ದೂರದೇಶದ ಮ್ಯೂಸಿಯಂನ ಪುಟ ತೆರೆದುಕೊಂಡಿತು. ಹದಿನೆಂಟನೆಯ ಶತಮಾನ, ಫ್ರಾನ್ಸ್, ಬಿರುಗಾಳಿಗೆ ಸಿಕ್ಕ ಹಡಗು. ಕಪ್ಪು ಮೋಡದ ನಡುವೆ ಮಿಂಚು ಸೀಳಿತ್ತು. ಬಲಕ್ಕೆ ಕಡಿದಾದ ಬಂಡೆ, ಅದರ ನೆತ್ತಿಯ ಮೇಲೆ ದೀಪಸ್ತಂಭ. ಎಡಕ್ಕೆ ಬಂಡೆಗೆ ಬಡಿದು ಮಗ್ಗುಲಾದ ಹಡಗು, ವಾಲಿದ ಅದರ ಕಂಬ, ಕಂಬಕ್ಕೆ ಜೋತುಬಿದ್ದ ಹರಿದ ಹಾಯಿ.

ಧೋತರ!

ಎದ್ದುಹೋಗಿ ಗೋಡೆಯ ಫೋಟೋ ಕಿತ್ತುಕೊಂಡು ಬಂದು ಕಂಪ್ಯೂಟರಿನ ಪಕ್ಕಕ್ಕೆ ನಿಲ್ಲಿಸಿದೆ. ಅದೇ ಕಂಬ, ಅದೇ ವಾಲುವಿಕೆ. ನನ್ನ ಗುಡಿ ದೀಪಸ್ತಂಭವಾಗಿತ್ತು. ಮಾವಿನ ಗಿಡವೆಂದು ನಾನು ನಂಬಿದ್ದು ಬಂಡೆಗೆ ಅಪ್ಪಳಿಸಿ ಮೇಲೆದ್ದ ನೀರು. ನಮ್ಮ ಪಡಸಾಲೆಯಲ್ಲಿ ಇಷ್ಟು ವರ್ಷ ಒಂದು ಬಿರುಗಾಳಿ ಸದ್ದಿಲ್ಲದೆ ಬೀಸುತ್ತಿತ್ತು, ನಾವು ಅದರ ಕೆಳಗೆ ಅವಲಕ್ಕಿ ತಿನ್ನುತ್ತಿದ್ದೆವು!

"ಅವ್ವಾ, ಬಾ ಇಲ್ಲಿ! ನಿಮ್ಮ ಹಿಂದ ಹಡಗ ಒಡದೈತಿ!"

ಅವ್ವ ಅಡುಗೆಮನೆಯಿಂದ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. "ಒಡೀಲಿ ಬಿಡು. ನಾವೇನ್ ಅದರಾಗ ಕುಂತಿದ್ವೇನು?"

"ನಿನಗ ಆವಾಗ ಗೊತ್ತಿತ್ತಾ?"

"ಫೋಟೋದಂವ ಮುಂದ ನೋಡು ಅಂದ, ಮುಂದ ನೋಡಿದೆ. ಹಿಂದೇನೈತಿ ಯಾಂವಗ ಗೊತ್ತು. ಬಣ್ಣದ ವಾಸನಿ ಬರ್ತಿತ್ತು ನೋಡು, ಅಷ್ಟ ನೆನಪೈತಿ. ಹೊಸಾ ಪಡದೆ ಅಂದಿದ್ರು."

ಮದುವೆ ಆದದ್ದು ಮೇಡ್ಲೇರಿಯಲ್ಲಿ. ಮರುದಿನ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋಗಿ ಸ್ಟುಡಿಯೋದಲ್ಲಿ, ಚಿತ್ರ ಬರೆದ ಪಡದೆಯ ಮುಂದೆ ನಿಂತರು. ಸಮುದ್ರವನ್ನೇ ನೋಡದ ಇಬ್ಬರು, ಫ್ರಾನ್ಸಿನ ಸಮುದ್ರಕ್ಕೆ ಬೆನ್ನು ತಿರುಗಿಸಿ ನಿಂತು ಹೊಸ ಸಂಸಾರ ಹೂಡಿದರು. ಅವರಿಬ್ಬರೇ ಏನು, ಆ ಸ್ಟುಡಿಯೋಕ್ಕೆ ಹೋದವರೆಲ್ಲ ಹಾಗೆಯೇ ನಿಂತಿರಬೇಕು.

ಮೂಲ ಚಿತ್ರದ ನಟ್ಟನಡುವೆ ಇನ್ನೊಂದು ಸಂಗತಿಯಿತ್ತು. ಇಬ್ಬರು ಗಂಡಸರು ನೀರಿನಿಂದ ಒಬ್ಬ ಹೆಂಗಸನ್ನು ಎತ್ತಿ ಚಪ್ಪಟೆ ಬಂಡೆಯ ಮೇಲೆ ತರುತ್ತಿದ್ದಾರೆ. ಅವಳ ತಲೆ ಹಿಂದಕ್ಕೆ ಬಿದ್ದಿದೆ, ಒಂದು ಕೈ ಜೋತಾಡುತ್ತಿದೆ. ಬದುಕಿದ್ದಾಳೋ ಇಲ್ಲವೋ ತಿಳಿಯದು. ಮಿಂಚಿನ ಬೆಳಕು ಅವಳ ಮೇಲೆಯೇ ಇದೆ. ನಮ್ಮ ಫೋಟೋದಲ್ಲಿ ಆ ಜಾಗಕ್ಕೆ ಅಪ್ಪ ಅವ್ವ ಭುಜಕ್ಕೆ ಭುಜ ತಾಗಿಸಿ ನಿಂತುಬಿಟ್ಟಿದ್ದಾರೆ.

ಎರಡು ದಿನ ಬಿಟ್ಟು ರಾಣೆಬೆನ್ನೂರಿಗೆ ಹೋದೆ. ಎರಡು ದಿನ ಅನ್ನುವುದೂ ಸುಳ್ಳು. ಮರುದಿನ ಬೆಳಗಿನ ಮೊದಲ ಬಸ್ಸಿಗೇ ಹೋದೆ. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅಂಗಡಿಯವನಿಗೆ ಸ್ಟುಡಿಯೋ ಗೊತ್ತಿರಲಿಲ್ಲ. ಪಡದೆ ಬರೆದವರ ಮಗಳು ಗೊತ್ತಿದ್ದಳು. "ನಂಬರ್ ಪ್ಲೇಟ್ ಅಕ್ಕಾರಾ? ಹಿಂದಿನ ಓಣ್ಯಾಗ ಅದಾರ ನೋಡ್ರಿ."

ನಂಬರ್ ಪ್ಲೇಟ್ ಅಕ್ಕ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಚಿಕ್ಕ ಅಂಗಡಿ, ಗೋಡೆ ತುಂಬ ಬಣ್ಣಬಣ್ಣದ ಸ್ಟಿಕರ್ ಹಾಳೆ. ಟ್ರ್ಯಾಕ್ಟರಿನ ಮುಂಭಾಗಕ್ಕೆ ಹಚ್ಚುವ ಹುಲಿಯೊಂದನ್ನು ಬ್ಲೇಡಿನಿಂದ ಕೊರೆಯುತ್ತಿದ್ದರು. ಎಡಗೈಯಲ್ಲಿ ಬ್ಲೇಡು. ಎಷ್ಟು ಸಲೀಸಾಗಿ ಅಂದರೆ ಹುಲಿಯ ಮೀಸೆ ತಾನಾಗಿ ಹಾಳೆಯಿಂದ ಎದ್ದು ಬರುತ್ತಿತ್ತು.

"ಏನ್ ಬರೀಬೇಕ್ರಿ? ಗಾಡಿ ಯಾವದು?"

"ಗಾಡಿ ಅಲ್ರಿ. ಹಡಗು." ಫೋಟೋ ತೆಗೆದು ಮೇಜಿನ ಮೇಲಿಟ್ಟೆ.

ಬ್ಲೇಡು ನಿಂತಿತು. ಅವರು ನನ್ನ ಅಪ್ಪ ಅವ್ವನನ್ನು ನೋಡಲೇ ಇಲ್ಲ, ಅವರ ಸುತ್ತಲೂ ನೋಡಿದರು. "ಯಾ ಅಲ್ಲಾ," ಎಂದರು. "ಅಬ್ಬಾನ ಪಡದೆ! ಎಲ್ಲಿತ್ರೀ ಇದು?"

"ನಮ್ಮ ಮನ್ಯಾಗ. ಗೋಡಿಗೆ."

"ಕುಂದ್ರಿ, ಕುಂದ್ರಿ. ಬರ್ರಿ ಒಳಗ."

ಚಹಾ ಬಂತು, ಆರಿತು. ಅವರು ಹೇಳಿದ್ದನ್ನು ನಾನು ಮೂರು ಸಲ ಬರೆದುಕೊಂಡೆ, ಮೂರೂ ಸಲ ಬೇರೆ ಬೇರೆ ಅನುಕ್ರಮದಲ್ಲಿ ಬಂತು. ಉಳಿದದ್ದು ಇಷ್ಟು. ಅವರ ತಂದೆ ಸ್ಟುಡಿಯೋದ ಪಡದೆ ಬರೆಯುತ್ತಿದ್ದರು, ಬೋರ್ಡು ಬರೆಯುತ್ತಿದ್ದರು. ಯಾವುದೋ ಹಳೆಯ ಪತ್ರಿಕೆಯ ಬಣ್ಣದ ಹಾಳೆಯೊಂದು ಅವರ ಕೈಗೆ ಸಿಕ್ಕಿತು. ಅದು ಬೆಲ್ಲ ಕಟ್ಟಿಕೊಟ್ಟ ಹಾಳೆ ಎಂದು ಒಮ್ಮೆ ಹೇಳಿದ್ದರಂತೆ, ರೈಲಿನಲ್ಲಿ ಯಾರೋ ಬಿಟ್ಟುಹೋದದ್ದು ಎಂದು ಇನ್ನೊಮ್ಮೆ. ಎರಡನೆಯದೇ ನಿಜವಿರಬೇಕು, ಮೊದಲನೆಯದು ಕೇಳಲು ಚೆನ್ನಾಗಿದೆ. ಆ ಚಿತ್ರವನ್ನು ಅವರು ಗೋಡೆಯಷ್ಟು ದೊಡ್ಡ ಬಟ್ಟೆಯ ಮೇಲೆ ಬರೆಯಲು ತೊಡಗಿದಾಗ ಹೊಸದಾಗಿ ಮದುವೆಯಾಗಿದ್ದರು. ಹೆಂಡತಿಯದು ಒಂದು ಫೋಟೋ ತೆಗೆಸೋಣವೆಂದರೆ, "ತಡಿ, ನನ್ನ ಹೊಸಾ ಪಡದೆ ಮುಗೀಲಿ, ಅದರ ಮುಂದ ಮೊದಲನೇ ಫೋಟೋ ನಿಂದ" ಎನ್ನುತ್ತಿದ್ದರು. ಬೋರ್ಡಿನ ಕೆಲಸ ಬಂದಾಗಲೆಲ್ಲ ಪಡದೆ ನಿಂತುಬಿಡುತ್ತಿತ್ತು. ಮಗಳು ಹುಟ್ಟಿದಳು. ಮಗಳಿಗೆ ಎಂಟು ತಿಂಗಳಾದಾಗ ತಾಯಿ ಜ್ವರ ಬಂದು ತೀರಿಕೊಂಡಳು. ಪಡದೆ ಆಮೇಲೆ ಮುಗಿಯಿತು.

"ಹಿಂಗಾಗಿ ನಮ್ಮಮ್ಮನ್ದು ಒಂದ ಫೋಟೋನೂ ಇಲ್ರಿ," ಅಂದರು ಅಕ್ಕ. "ಮುಖಾ ಹೆಂಗಿತ್ತಂತ ನನಗ ಗೊತ್ತಿಲ್ಲ. ಅಬ್ಬಾಗ ಕೇಳಿದ್ರ ಒಂದ ಮಾತು: ನಿಮ್ಮಮ್ಮ ಪಡದೆದಾಗ ಅದಾಳ. ಮುಂದ ಹೇಳ್ತಿದ್ದಿಲ್ಲ. ನಾ ದೊಡ್ಡಾಕಿ ಆಗೂದ್ರಾಗ ಸ್ಟುಡಿಯೋ ಬಂದಾತು. ಪಡದೆ ಬ್ಯಾಡಗಿಗೆ ಹೋತು, ಮೆಣಸಿನಕಾಯಿ ಚೀಲಕ್ಕ ಹೊಚ್ಚಾಕ. ಅಲ್ಲೇ ಹರದು ಹಳ್ಳಾ ಹಿಡೀತು."

ಪಕ್ಕಕ್ಕಿಟ್ಟಿದ್ದ ಬ್ಲೇಡನ್ನು ಮತ್ತೆ ಎತ್ತಿಕೊಂಡರು. "ಇದೊಂದ ನೋಡ್ರಿ ಅಮ್ಮನಿಂದ ಬಂದದ್ದು, ಈ ಎಡಗೈ. ಊಟಕ್ಕ ಕುಂತಾಗ ದಾದಿ, ಅಬ್ಬಾನ ತಾಯಿ, ಇದನ್ನ ರುಮಾಲಿಲೆ ಕಟ್ಟಿ ಹಾಕ್ತಿದ್ಲು. ನಿಮ್ಮಮ್ಮನೂ ಎಡಚಿ, ನೀನೂ ಎಡಚಿ, ನನ್ನ ನಸೀಬ ಅಂತ ಬೈತಿದ್ಲು."

ನಾನು ಮೊಬೈಲಿನಲ್ಲಿ ಫ್ರಾನ್ಸಿನ ಚಿತ್ರ ತೆರೆದು, ನಡುವಿನ ಹೆಂಗಸನ್ನು ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸಿದೆ. "ಇಲ್ಲೇ ಇರಬೇಕ್ರಿ. ಇಡೀ ಚಿತ್ರದಾಗ ಬೆಳಕೆಲ್ಲಾ ಈಕಿ ಮ್ಯಾಲ ಐತಿ. ಈಕಿಗೇ ನಿಮ್ಮಮ್ಮನ ಮುಖಾ ಕೊಟ್ಟಿರ್ತಾರ."

ಅವರು ಬಹಳ ಹೊತ್ತು ನೋಡಿದರು. "ಅಮ್ಮನ್ನ ಮಲಗಿಸ್ಯಾನೇನು ಹಂಗಾರ ಅಬ್ಬಾ," ಅಂದರು ಮೆಲ್ಲಗೆ. ಆಮೇಲೆ ಜೋರಾಗಿ, "ನಿಮ್ಮ ಅಪ್ಪಾರು ಸ್ವಲ್ಪ ಬಾಜೂಕ ಸರದು ನಿಂತಿದ್ರ ಏನ್ ಹೋಗ್ತಿತ್ರಿ!"

ಹೀಗೆ ಬೇಟೆ ಶುರುವಾಯಿತು. ಅದನ್ನು ಬೇರೆ ಹೆಸರಿನಿಂದ ಕರೆಯಲು ಬರುವುದಿಲ್ಲ. ಆ ಸ್ಟುಡಿಯೋದ ಫೋಟೋ ಯಾರ ಮನೆಯಲ್ಲಿದೆ ಎಂದು ಕೇಳಿಕೊಂಡು ನಾವಿಬ್ಬರೂ ತಿರುಗಿದೆವು. ನಾನು ಹಾವೇರಿ ಕಡೆ, ಅವರು ರಾಣೆಬೆನ್ನೂರಿನ ಓಣಿಗಳಲ್ಲಿ, ಇಬ್ಬರೂ ಸೇರಿ ನದಿದಂಡೆಯ ಹಳ್ಳಿಗಳಲ್ಲಿ. ಎಲ್ಲರ ಮನೆಯಲ್ಲೂ ಹಡಗು ಒಡೆದಿತ್ತು, ಯಾರೂ ನೋಡಿರಲಿಲ್ಲ! ಜನ ನಿಂತಲ್ಲಿ ಸಮುದ್ರ ಇರುತ್ತಿರಲಿಲ್ಲ, ಜನ ಸರಿದಲ್ಲಿ ಒಂದಿಷ್ಟು ಬಂದು ನಿಲ್ಲುತ್ತಿತ್ತು. ಸಾಲಾಗಿ ನಿಂತ ಐವರು ಅಕ್ಕತಂಗಿಯರ ತಲೆಯ ಮೇಲೆ ಇಡೀ ಮಿಂಚು ಸಿಕ್ಕಿತು. ಐರಣಿಯಲ್ಲಿ ಒಬ್ಬ ಪೈಲ್ವಾನನ ಫೋಟೋ ಸಿಕ್ಕಿತು. ಗದೆ ಹೆಗಲಿಗಿಟ್ಟು ಕಾಲಗಲಿಸಿ ನಿಂತಿದ್ದ ಅವನ ಎರಡು ತೊಡೆಗಳ ನಡುವೆ ತೇಲುವ ಪೀಪಾಯಿ, ಪೀಪಾಯಿಯ ಪಕ್ಕ ಈಜುವ ನಾಯಿ.

"ಅಜ್ಜಾರು ಭಾಳ ಉಪಕಾರ ಮಾಡ್ಯಾರ," ಅಂದರು ಅಕ್ಕ. "ಕಾಲು ಕೂಡಿಸಿ ನಿಂತಿದ್ರ ನಾಯಿ ಮುಳುಗಿಹೋಗ್ತಿತ್ತು."

ಪೈಲ್ವಾನನ ಮೊಮ್ಮಗ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ನಮಗೆ ಮಜ್ಜಿಗೆ ತರಿಸಿದ.

ಎಲ್ಲ ಫೋಟೋಗಳನ್ನು ಮೊಬೈಲಿನಲ್ಲಿ ಹಿಡಿದು, ಹಾಳೆಗೆ ಇಳಿಸಿ, ಅಕ್ಕನ ಅಂಗಡಿಯ ನೆಲದ ಮೇಲೆ ಜೋಡಿಸಿದೆವು. ಹನ್ನೊಂದು ಮನೆಗಳ ಗೋಡೆಗಳಿಂದ ಬಿಡಿಬಿಡಿಯಾಗಿ ಒಂದು ಸಮುದ್ರ ಕೂಡಿಕೊಳ್ಳುತ್ತಿತ್ತು. ಸಂತೋಷಕ್ಕೆ ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಆದರೆ ನಡುವಿನ ಜಾಗ ಮಾತ್ರ ತೆರೆಯುತ್ತಲೇ ಇರಲಿಲ್ಲ. ಒಂದರಲ್ಲಿ ಮದುಮಗ, ಇನ್ನೊಂದರಲ್ಲಿ ತೊಟ್ಟಿಲು, ಮತ್ತೊಂದರಲ್ಲಿ ಅಜ್ಜಿಯ ಕುರ್ಚಿ. ಮೂರು ಊರಿನ ಜನ ಮಾತಾಡಿಕೊಂಡು ಒಬ್ಬ ಹೆಂಗಸನ್ನು ಬಚ್ಚಿಟ್ಟ ಹಾಗೆ.

ಒಂದು ದಿನ ಅಕ್ಕನೇ ಫೋನ್ ಮಾಡಿದರು. ಮಾತಿಗೆ ಮಾತು ಕೂಡುತ್ತಿರಲಿಲ್ಲ. "ಮೆಣಸಿನಕಾಯಿರೀ! ಮೆಣಸಿನಕಾಯಿ ಎಷ್ಟ ಎತ್ತರ ಇರ್ತೈತಿ? ಒಂದ ಮೊಳ! ಅದರ ಮ್ಯಾಲೆಲ್ಲಾ ಖಾಲಿ!"

ಬ್ಯಾಡಗಿಯ ಒಬ್ಬ ವ್ಯಾಪಾರಿ ತನ್ನ ಮೆಣಸಿನಕಾಯಿಯ ಫೋಟೋ ತೆಗೆಸಲು ಚೀಲ ಹೊತ್ತುಕೊಂಡು ಸ್ಟುಡಿಯೋಕ್ಕೆ ಬಂದಿದ್ದನಂತೆ. ಅದನ್ನು ನೆನೆಸಿಕೊಂಡಾಗೆಲ್ಲ ಅವರ ಅಬ್ಬಾ ನಗುತ್ತಿದ್ದರಂತೆ. ಇಷ್ಟು ದಿನ ಯಾಕೆ ನೆನಪಾಗಲಿಲ್ಲ ಎಂದರೆ, "ನಾವು ಮನಷ್ಯಾರನ್ನ ಹುಡುಕಾಕತ್ತಿದ್ವಲ್ರಿ" ಅಂದರು.

ಬ್ಯಾಡಗಿಯಲ್ಲಿ ಬಸ್ಸಿಳಿದ ಕೂಡಲೇ ಇಬ್ಬರಿಗೂ ಸೀನು. ಸುಗ್ಗಿಯ ದಿನ, ರಸ್ತೆಯ ಎರಡೂ ಬದಿಗೆ ಕೆಂಪು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಾಲ್ಕು ದಲಾಲಿ ಅಂಗಡಿ ಕೇಳಿ, ಐದನೆಯದರಲ್ಲಿ ಸರಿಯಾದ ಮನುಷ್ಯನನ್ನು ಹಿಡಿದೆವು. ಚೀಲ ಹೊತ್ತವರ ಮಗ, ಈಗ ಎಪ್ಪತ್ತು ದಾಟಿದವರು, ಗಾದಿಯ ಮೇಲೆ ಕಾಲು ಮಡಚಿ ಕೂತಿದ್ದರು. ಕೇಳಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಮ್ಮ ಮೆಣಸಿನಕಾಯಿ ಮದಿವಿ ಫೋಟೋ ಕೇಳಾಕ ಬಂದೀರೇನ್ರಿ! ಇಡೀ ವರ್ಷದ ಮಾಲಿನಾಗ ಛೊಲೋವು ಛೊಲೋವು ಆರಿಸಿ, ಒಂದೊಂದನ್ನ ಒರಸಿ, ಹೆಣ್ಣ ತೋರಸಾಕ ಒಯ್ದಂಗ ಒಯ್ದಿದ್ದ ನಮ್ಮಪ್ಪ. ಚೀಲದ ಮ್ಯಾಲ ಹಚ್ಚೂ ಚೀಟಿಗೆ ಫೋಟೋ ಬೇಕಿತ್ತು. ಬಂತು ಫೋಟೋ. ಏನಾಗಿತ್ತು ಹೇಳ್ರಿ?"

"ಏನಾಗಿತ್ರಿ?"

"ಕರ‍್ರಗ! ಆಗ ಬಣ್ಣದ ಫೋಟೋ ಎಲ್ಲಿತ್ತು? ಬ್ಯಾಡಗಿ ಮೆಣಸಿನಕಾಯಿ, ಬಣ್ಣಕ್ಕ ಹೆಸರಾದದ್ದು, ಕರ‍್ರಗ ಇಲಿ ಹಿಕ್ಕಿ ಬಿದ್ದಂಗ! ನಮ್ಮಪ್ಪ ಆ ಫೋಟೋ ಒಗದುಬಿಟ್ಟ. ನಮ್ಮವ್ವ ಎತ್ತಿಟ್ಟಾಳ, ದುಡ್ಡ ಕೊಟ್ಟ ತಂದದ್ದು ಅಂತ."

ಕಪಾಟಿನ ಕೆಳಗಿನ ಖಾನೆಯಿಂದ, ಹಳೆಯ ಲಗ್ನಪತ್ರಿಕೆಗಳ ನಡುವಿನಿಂದ, ಅದು ಬಂತು. ರಟ್ಟಿಲ್ಲ, ಚೌಕಟ್ಟಿಲ್ಲ. ಅಕ್ಕ ಎರಡೂ ಕೈಯಿಂದ ತೆಗೆದುಕೊಂಡರು. ನಾನು ಅವರ ಭುಜದ ಮೇಲಿಂದ ಬಗ್ಗಿದೆ. ಕೆಳಗೆ ಸ್ಟೂಲಿನ ಮೇಲೆ ಕಪ್ಪು ಮೆಣಸಿನಕಾಯಿಯ ಗುಪ್ಪೆ. ಕ್ಯಾಮೆರಾ ಹತ್ತಿರ ತಂದು ತೆಗೆದದ್ದು, ಹಾಗಾಗಿ ಪಡದೆಯ ನಡುಭಾಗ ಮಾತ್ರ ಬಂದಿತ್ತು. ನಮಗೆ ಬೇಕಾದದ್ದೂ ಅದೇ.

ಅಲ್ಲಿ ಏನೂ ಇರಲಿಲ್ಲ.

ಬೂದು ಬಣ್ಣ. ಮೋಡವೂ ಅಲ್ಲ, ನೀರೂ ಅಲ್ಲ. ಹೆಂಗಸಿಲ್ಲ, ಅವಳನ್ನು ಎತ್ತುವ ಗಂಡಸರಿಲ್ಲ, ಬಂಡೆಯೂ ಇಲ್ಲ. ದೊಡ್ಡ ಕುಂಚದಿಂದ ಅಡ್ಡಡ್ಡ ಎಳೆದುಬಿಟ್ಟ ಮಬ್ಬು ಅಷ್ಟೇ.

ನಾನು ಕೊಟ್ಟ ಮಾತು ಅದು. ಮೊಬೈಲಿನಲ್ಲಿ ಹಿಗ್ಗಿಸಿ ತೋರಿಸಿ, ಇಲ್ಲೇ ಇದ್ದಾಳೆ ಎಂದು ಹೇಳಿದವನು ನಾನು. ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ಒಂದು ಸಲ ಸೀನಿದರು, ಕಣ್ಣೊರೆಸಿಕೊಂಡರು. ಮೆಣಸಿನಕಾಯಿಗೆ ಬಂದ ನೀರೋ ಮತ್ತೊಂದೋ ಎಂದು ನಾನು ತೀರ್ಮಾನಿಸಲಾರೆ.

ಆಮೇಲೆ ಹಣೆ ಬಡಿದುಕೊಂಡು ನಗತೊಡಗಿದರು.

"ನನಗ ಬುದ್ಧಿ ಇಲ್ಲ, ನಿಮಗೂ ಇಲ್ರಿ! ನಡುವ ಯಾರರ ಬರೀತಾರೇನು? ಅದು ಗಿರಾಕಿ ನಿಂದ್ರೂ ಜಾಗ! ಅಲ್ಲಿ ಬಂಡಿಗಲ್ಲು, ಮನಷ್ಯಾರು ಬರದ್ರ ನಿಂತವರ ತಲಿಗೆ ಕೋಡು ಮೂಡಿದಂಗ ಕಾಣತೈತಿ. ಎಲ್ಲಾ ಪಡದೆಗೂ ಅಬ್ಬಾ ನಡುವ ಮಬ್ಬು ಹೊಡೀತಿದ್ದ. ನಾನ ಸಣ್ಣಾಕಿ ಇದ್ದಾಗ ಬಣ್ಣಾ ಕಲಸಿ ಕೊಟ್ಟೇನಿ!"

"ಹಂಗಾರ ಅಮ್ಮ ಇಲ್ಲೇನ್ರಿ ಪಡದೆದಾಗ?" ಎಂದೆ.

"ಯಾಕಿಲ್ಲ? ಅದಾಳ ಅಂದಾನ ಅಬ್ಬಾ, ಅದಾಳ. ನೀವು ಪರದೇಶದವರ ಚಿತ್ರಾ ನೋಡಿ ನಡುವ ಅಂದ್ರಿ. ನಮ್ಮ ಅಬ್ಬಾ ತನ್ನ ಹೇಣ್ತೀನ ಗಿರಾಕಿ ಬೆನ್ನಿಗೆ ಯಾಕ ನಿಲ್ಲಸ್ತಾನ್ರಿ? ಯಾರೂ ಮುಚ್ಚಲಾರದ ಕಡೆ ನಿಲ್ಲಸ್ತಾನ. ಅಂಚಿಗೆ!"

ಅಂಚು! ನೆಲದ ಮೇಲೆ ಜೋಡಿಸಿದ್ದ ನಮ್ಮ ಸಮುದ್ರಕ್ಕೆ ಅಂಚೇ ಇರಲಿಲ್ಲ. ಎಲ್ಲ ಫೋಟೋಗಳ ಸುತ್ತ ಸ್ಟುಡಿಯೋದವರು ಬಿಳಿ ರಟ್ಟು ಕತ್ತರಿಸಿ ಹಾಕುತ್ತಿದ್ದರು, ಪಡದೆ ಮುಗಿದು ಗೋಡೆ ಕಾಣಬಾರದೆಂದು. ಬಂಡೆಯ ಬುಡದಲ್ಲಿ, ಮೂಲ ಚಿತ್ರದ ಬಲತುದಿಯಲ್ಲಿ, ಏಳೆಂಟು ಗಂಡಸರು ಸಾಲಾಗಿ ನಿಂತು ಹಗ್ಗ ಜಗ್ಗುತ್ತಾರೆ. ಹಗ್ಗದ ಇನ್ನೊಂದು ಕೊನೆ ಹಡಗಿನ ಕಂಬಕ್ಕೆ. ಆ ಹಗ್ಗ ನನಗೆ ಗೊತ್ತಿತ್ತು. ಅಪ್ಪನ ಹೆಗಲಿನಿಂದ ಹೊರಟು ರಟ್ಟಿನೊಳಗೆ ಹೋಗುವ ಗೀರು.

"ಬರ್ರಿ ಅಕ್ಕಾರ," ಎಂದೆ. "ಹಾವೇರಿಗೆ ಹೋಗೂಣು. ಲಗೂ."

ಇಬ್ಬರೂ ಒಟ್ಟಿಗೆ ಮನೆಗೆ ನುಗ್ಗಿದಾಗ ಅವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅಕ್ಕನ ಕಥೆ ಅವಳಿಗೆ ಗೊತ್ತಿತ್ತು, ಅವರನ್ನು ಪಕ್ಕಕ್ಕೆ ಕೂಡಿಸಿಕೊಂಡು ನೀರು ಕೊಟ್ಟಳು. ಆದರೆ ನಾನು ಫೋಟೋದ ಹಿಂದಿನ ಮೊಳೆ ಕೀಳಲು ಕಟಿಂಗ್ ಪ್ಲೇಯರ್ ತಂದದ್ದೇ, ಎದ್ದು ಬಂದು ಚೌಕಟ್ಟನ್ನು ಎದೆಗವಚಿಕೊಂಡಳು.

"ಬಿಚ್ಚಬ್ಯಾಡ."

"ಯಾಕವ್ವಾ?"

"ಮದಿವಿ ಫೋಟೋ ಬಿಚ್ಚಬಾರದು."

"ಯಾರ ಹೇಳಿದ್ರು?"

"ನಾ ಹೇಳಾಕತ್ತೇನಿ. ಸಾಲದೇನು?"

ಅಪ್ಪ ಹೋದ ಮೇಲೆ ಆ ಫೋಟೋ ಅವಳಿಗೆ ಏನಾಗಿದೆಯೋ, ನಾನು ಅಷ್ಟು ದೂರ ಯೋಚಿಸಿರಲಿಲ್ಲ ಎಂದು ನಾಚಿಕೆಯಾಯಿತು. ಗೋಡೆಯ ಇನ್ನೊಂದು ಕಡೆ ಅಪ್ಪನದೊಂದೇ ಫೋಟೋ ಇದೆ, ಏಲಕ್ಕಿ ಮಾಲೆ ಹಾಕಿದ್ದು. ಇದಕ್ಕೆ ಮಾಲೆಯಿಲ್ಲ, ಇದರಲ್ಲಿ ಅಪ್ಪ ಇನ್ನೂ ನಿನ್ನೆ ಮದುವೆಯಾದವನು. ಹೀಗೆಲ್ಲ ಕರುಣೆ ಉಕ್ಕಿ ನಾನು ಹಿಂದೆ ಸರಿದೆ. ಎಲ್ಲ ತಪ್ಪು ಊಹೆ ಎಂದು ಹತ್ತು ನಿಮಿಷದಲ್ಲಿ ತಿಳಿಯಿತು.

ಅಕ್ಕ ಏನೂ ಒತ್ತಾಯ ಮಾಡಲಿಲ್ಲ. "ಇರ್ಲಿ ಬಿಡ್ರಿ ಅವ್ವಾರ," ಅಂದರು. "ನಿಮ್ಮ ಸಾಮಾನು. ನಾ ಇಷ್ಟ ದಿನಾ ನೋಡಲಾರದ ಇದ್ದೇನಿ, ಮುಂದನೂ ಇರ್ತೇನಿ."

ಅವ್ವ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬಾಯಲ್ಲಿನ ಎಲೆ ಉಗುಳಿ ಬಂದಳು. "ಬಿಚ್ಚು. ಆದರ ಕೆಳಗ ನೋಡಿ ನಕ್ಕೀ ಅಂದ್ರ ನೋಡು."

ಮೊಳೆ ಒಂದೊಂದೇ ಬಂದವು. ಗಾಜು ತೆಗೆದೆ. ರಟ್ಟು ಅಂಟಿಕೊಂಡಿತ್ತು, ಅಕ್ಕ ತಮ್ಮ ಚೀಲದಿಂದ ಬ್ಲೇಡು ತೆಗೆದು, ಎಡಗೈಯಿಂದ ಅಂಚಿನ ಗುಂಟ ಹಾಯಿಸಿದರು. ರಟ್ಟು ಹಾಗೆಯೇ ಬಿಳಿ ಬಾಗಿಲಿನಂತೆ ಎದ್ದು ಬಂತು.

ಮೊದಲು ಕಂಡದ್ದು ಕೆಳಗಿನದು. ಅಪ್ಪನ ಬೂಟು ನೆಲದ ಮೇಲೆ. ಅವ್ವನ ಕಾಲು ಎರಡು ಇಟ್ಟಂಗಿಯ ಮೇಲೆ.

ಅವ್ವ ತನ್ನ ಮದುವೆಯಲ್ಲಿ ಅಪ್ಪನ ಕಿವಿಗೆ ಬರುವಷ್ಟು ಎತ್ತರವಿದ್ದಳು, ಹಡೆದು ದುಡಿದು ಕುಗ್ಗಿದಳು: ಇದು ನಮ್ಮ ಮನೆಯ ಇತಿಹಾಸ. ನಾನು ಇದನ್ನು ನಂಬಿದ್ದೆ ಮಾತ್ರವಲ್ಲ, ಎತ್ತರದ ಅವ್ವ ಬಾಗಿಲಲ್ಲಿ ತಲೆ ಬಗ್ಗಿಸಿ ಬಂದದ್ದು ನೆನಪಿದೆ ಎಂದು ಒಮ್ಮೆ ಬರೆದೂ ಇದ್ದೆ. ಎರಡು ಇಟ್ಟಂಗಿ!

"ಅಂವನ ಹೇಳಿದ್ದು, ಫೋಟೋದಂವ," ಅಂದಳು ಅವ್ವ. "ಜೋಡಿ ಸರಿ ಕಾಣಲಿ ಅಂತ. ಆಮ್ಯಾಲ ನಾ ಯಾಕ ಹೇಳ್ಲಿ?"

ನಗಬಾರದೆಂದು ತುಟಿ ಕಚ್ಚಿದೆ. ಅಕ್ಕ ಅದನ್ನು ನೋಡಲೇ ಇಲ್ಲ. ಅವರ ಬೆರಳು ಅಪ್ಪನ ಹೆಗಲಿನಿಂದ ಹಗ್ಗ ಹಿಡಿದು ಹೊರಟಿತ್ತು. ಹಗ್ಗ ಬಂಡೆಯ ಬುಡಕ್ಕೆ ಹೋಯಿತು. ಅಲ್ಲಿ ಸಾಲು. ಒಬ್ಬ, ಇಬ್ಬರು, ಮೂವರು ಗಂಡಸರು, ಮೈ ಹಿಂದಕ್ಕೆ ಬಾಗಿಸಿ, ಹಿಮ್ಮಡಿ ಊರಿ ಜಗ್ಗುತ್ತಿದ್ದಾರೆ. ನಾಲ್ಕನೆಯದು ಹೆಂಗಸು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಫ್ರಾನ್ಸಿನ ಚಿತ್ರದಲ್ಲಿ ಆ ಸಾಲಿನಲ್ಲಿ ಒಬ್ಬ ಹೆಂಗಸೂ ಇಲ್ಲ. ಸೀರೆಯ ಮಾತಂತೂ ದೂರವೇ ಉಳಿಯಿತು.

ಭೂತಗನ್ನಡಿ ಹಿಡಿದೆ. ಮುಖ ಎಳ್ಳಿನಷ್ಟು. ಪಕ್ಕದಿಂದ ಕಾಣುವ ಮೂಗು, ಗಟ್ಟಿ ಮುಚ್ಚಿದ ಬಾಯಿ, ಕೂದಲಿನ ಗಂಟು.

"ಕೈ ನೋಡ್ರಿ," ಎಂದು ಪಿಸುಗುಟ್ಟಿದರು ಅಕ್ಕ. "ಕೈ!"

ಮೂವರು ಗಂಡಸರದೂ ಬಲಗೈ ಮುಂದೆ. ಅವಳದು ಎಡಗೈ ಮುಂದೆ.

ನಾನು ಸಂಶಯದ ಮನುಷ್ಯ. ಫೋಟೋ ಉಲ್ಟಾ ಅಚ್ಚಾಗಿರಬಹುದು ಎಂದೆ. ಅಪ್ಪನ ಕೋಟಿನ ಜೇಬು ನೋಡಿದೆ. ಪೆನ್ನು ಸಿಕ್ಕಿಸಿದ ಜೇಬು ಎಡ ಎದೆಯ ಮೇಲೇ ಇತ್ತು. ಉಲ್ಟಾ ಆಗಿದ್ದರೂ ಆ ಮೂವರಿಗಿಂತ ಅವಳು ಬೇರೆಯಾಗಿಯೇ ಇರುತ್ತಿದ್ದಳು ಎಂದು ಆಮೇಲೆ ಹೊಳೆಯಿತು. ಕುಂಚ ಜಾರಿದ್ದಿರಬಹುದು ಎಂದೂ ಹೇಳಲು ಬಾಯಿ ತೆರೆದೆ. ಅವ್ವ ನನ್ನ ಕಾಲು ತುಳಿದಳು.

ಅಕ್ಕ ಭೂತಗನ್ನಡಿಯನ್ನು ಬಿಡಲಿಲ್ಲ. ಎಷ್ಟೋ ಹೊತ್ತಾದ ಮೇಲೆ ತಲೆಯೆತ್ತಿದರು. ಕೆನ್ನೆ ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. "ಮಲಗಿಸಿಲ್ರಿ ಅಬ್ಬಾ. ಕೆಲಸಕ್ಕ ಹಚ್ಯಾನ ನೋಡ್ರಿ ನಮ್ಮಮ್ಮನ್ನ! ಹೆಂಗ ಜಗ್ಗಾಕತ್ತಾಳ!"

"ಗಟ್ಟಿಗಿತ್ತಿ," ಅಂದಳು ಅವ್ವ, ತಾನೂ ಭೂತಗನ್ನಡಿ ಇಸಿದುಕೊಂಡು ನೋಡಿ. "ಇಷ್ಟ ವರ್ಷ ನನ್ನ ಗೋಡಿಗೇ ಇದ್ಲಲ್ಲೇ, ತಂಗಿ. ಗೊತ್ತಿದ್ರ ಕುಂಕುಮ ಹಚ್ಚತಿದ್ದೆ."

"ನಾವು ಹಚ್ಚಂಗಿಲ್ರೀ ಅವ್ವಾರ," ಎಂದು ಅಕ್ಕ ನಕ್ಕರು.

"ಹೂವರ ಇಡತಿದ್ದೆ."

ಹಾವೇರಿ ಕೋರ್ಟಿನ ಹತ್ತಿರದ ಅಂಗಡಿಯೊಂದರಲ್ಲಿ ಆ ಅಂಚನ್ನಷ್ಟೇ ಹಿಗ್ಗಿಸಿ ಅಚ್ಚು ಹಾಕಿಸಿದೆವು. ಹಿಗ್ಗಿಸಿದಷ್ಟೂ ಮುಖ ಕಾಳುಕಾಳಾಗಿ ಚದುರುತ್ತಿತ್ತು. ಎಷ್ಟಕ್ಕೆ ನಿಲ್ಲಿಸಬೇಕೆಂದು ಅಕ್ಕನೇ ಹೇಳಿದರು. ಅಂಗೈಯಷ್ಟು. ಅದಕ್ಕಿಂತ ದೊಡ್ಡದಾದರೆ ಹೋಗಿಬಿಡುತ್ತಾಳೆ, ಚಿಕ್ಕದಾದರೆ ಬರುವುದಿಲ್ಲ. ಹಾಳೆಯ ಎಡತುದಿಯಲ್ಲಿ ಒಂದು ಕಪ್ಪು ಉಬ್ಬು ಉಳಿಯಿತು. ಅವ್ವ ಅದನ್ನು ನೋಡಿ, "ಇದೇನು?" ಎಂದಳು.

"ಅಪ್ಪನ ಹೆಗಲು."

"ನಿಮ್ಮಪ್ಪನ್ನ ಇಷ್ಟಕ್ಕ ತಂದು ನಿಲ್ಲಿಸಿದೇನು!" ಎಂದು ಬೈದಳು. ಆದರೆ ಕತ್ತರಿಸಿಹಾಕು ಎನ್ನಲಿಲ್ಲ.

ನಮ್ಮ ಮನೆಯ ಫೋಟೋ ಮತ್ತೆ ಗಡಿಯಾರದ ಕೆಳಗೆ ಬಂದಿದೆ. ಅವ್ವನ ಆಜ್ಞೆಯಂತೆ ಮೂರು ಕಡೆಯ ರಟ್ಟು ತೆಗೆದಿದ್ದೇನೆ. ಕೆಳಗಿನ ಪಟ್ಟಿ ಮಾತ್ರ ಹಾಗೆಯೇ ಇದೆ, ಇಟ್ಟಂಗಿ ಕಾಣುವುದಿಲ್ಲ. ಹಾಗಾಗಿ ಇದನ್ನು ಬರೆದದ್ದು ಅವ್ವನಿಗೆ ಗೊತ್ತಾಗಬಾರದು.

ಮೊನ್ನೆ ರಾಣೆಬೆನ್ನೂರಿಗೆ ಹೋದಾಗ ಅಕ್ಕನ ಅಂಗಡಿಗೆ ಹೋದೆ. ಅಮ್ಮನ ಚಿತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು, ನಡುವೆ ಅಲ್ಲ, ಬಲಕ್ಕೆ, ಬ್ಲೇಡು ಹಿಡಿದು ಕೂತರೆ ಎದುರಿಗೆ ಬರುವಂತೆ. ಮೇಡ್ಲೇರಿಯ ಕಡೆಯವನೊಬ್ಬ ಟ್ರ್ಯಾಕ್ಟರಿಗೆ ಗರುಡ ಬರೆಸಲು ಬಂದು ನಿಂತಿದ್ದ. ಅಕ್ಕ ಗರುಡನ ರೆಕ್ಕೆ ಕೊರೆಯುತ್ತಿದ್ದರು. ಅವನು ಕಾಯುತ್ತ ಕಾಯುತ್ತ ಆ ಚಿತ್ರದ ಹತ್ತಿರ ಹೋದ.

"ಇವ್ರ ಯಾರ್ರಿ ಅಕ್ಕಾರ?"

"ನಮ್ಮಮ್ಮ."

"ಏನ್ ಜಗ್ಗಾಕತ್ತಾರ್ರಿ?"

ಅಕ್ಕ ಬ್ಲೇಡಿನಿಂದ ಕಣ್ಣೆತ್ತಲಿಲ್ಲ. "ಹಡಗು," ಅಂದರು.